ಹುಲ್ಲಿನ ಬೆಂಕಿಗೆ ಲೆಕ್ಕ, ದನದ ತೇಗಿಗೆ ಮಾಫಿ

ಉತ್ತರ ಆಸ್ಟ್ರೇಲಿಯಾದ ದನದ ಸ್ಟೇಷನ್ನುಗಳ, ಅಂದರೆ ದನ ಸಾಕುವ ವಿಶಾಲ ಮೇವಿನ ನೆಲಗಳ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ. ಮಳೆ ನಿಂತ ಮೇಲೆ, ಹುಲ್ಲು ಇನ್ನೂ ಅರೆಹಸಿಯಾಗಿರುವಾಗಲೇ ಅಲ್ಲಲ್ಲಿ ಸುಟ್ಟುಬಿಟ್ಟರೆ ಭೂಮಿಯ ಬಿಸಿಯೂ ತಗ್ಗುತ್ತದೆ, ಕಾರ್ಬನ್ ಕ್ರೆಡಿಟ್ ಮಾರಿ ಮಾಲೀಕನೂ ನಾಲ್ಕು ಕಾಸು ನೋಡುತ್ತಾನೆ ಎಂಬುದು ಆ ಮಾತು. ಕೇಳಲು ಚೆನ್ನ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ಬೆಂಕಿಯ ವಿಜ್ಞಾನದಲ್ಲಿ ತಕರಾರಿಲ್ಲ. ಜುಲೈ ಕಳೆದ ಮೇಲೆ ಹತ್ತುವ ಬೆಂಕಿ ಒಣಹುಲ್ಲು, ಬಿದ್ದ ಮರ ಎಲ್ಲವನ್ನೂ ನುಂಗುತ್ತದೆ. ಮುಂಚಿನದು ತೇಪೆತೇಪೆಯಾಗಿ ಸುಟ್ಟು ಆರುತ್ತದೆ. ಇಂಗಾಲದ ಡೈಆಕ್ಸೈಡನ್ನು ಮುಂದಿನ ಮಳೆಗಾಲದ ಹುಲ್ಲು ಹೀರಿಕೊಳ್ಳುತ್ತದೆಂದು ಬಿಟ್ಟು, ತಗ್ಗಿದ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡಿಗೆ ಕ್ರೆಡಿಟ್ ಕೊಡುತ್ತಾರೆ. ಹೀಗೆ ಮುಂಚೆಯೇ ಸುಡುವ ಜ್ಞಾನ ಅಲ್ಲಿನ ಮೂಲನಿವಾಸಿಗಳದು. (ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯನ್ನು ಬಲ್ಲವರಿಗೆ ಇದೇನೂ ಹೊಸದಲ್ಲ.) 2006ರಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡಿನಲ್ಲಿ ಅವರ ಬೆಂಕಿ ಕೆಲಸಕ್ಕೆ ಡಾರ್ವಿನ್ನಿನ ಅನಿಲ ಘಟಕ ದುಡ್ಡು ಕೊಡಲು ಒಪ್ಪಿತು. ಸುಮಾರು 28,000 ಚದರ ಕಿಲೋಮೀಟರಿಗೆ ವರ್ಷಕ್ಕೆ 1 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ತಗ್ಗಿಸುವುದು ಗುರಿ.

ಭಾಗಿಸಿ ನೋಡಿ: ಹೆಕ್ಟೇರಿಗೆ 36 ಕೆಜಿ. ಒಂದು ದನ ವರ್ಷಕ್ಕೆ ಹೆಚ್ಚುಕಡಿಮೆ 50 ಕೆಜಿ ಮೀಥೇನ್ ತೇಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನಿನ ಬಿಸಿ ಇಂಗಾಲದ ಡೈಆಕ್ಸೈಡಿನ 28 ಪಟ್ಟು, ಅಂದರೆ 1,400 ಕೆಜಿಗೆ ಸಮ. ಸುಮಾರು 40 ಹೆಕ್ಟೇರಿನಲ್ಲಿ ಎಚ್ಚರದಿಂದ ಬೆಂಕಿ ಹಾಕಿ ಉಳಿಸಿದ್ದನ್ನು ಒಂದೇ ದನ ತೀರಿಸಿಬಿಡುತ್ತದೆ! ಒಳ್ಳೆಯ ಮೇವಿರುವ ನೆಲದಲ್ಲಿ 40 ಹೆಕ್ಟೇರಿಗೆ ಒಂದೇ ದನ ಬಿಟ್ಟು ಯಾರೂ ವ್ಯಾಪಾರ ಮಾಡುವುದಿಲ್ಲ. ಆದರೂ ಬೆಂಕಿಯ ಕ್ರೆಡಿಟ್ ಎಣಿಸುವ ಸರ್ಕಾರಿ ವಿಧಾನದಲ್ಲಿ ದನಕ್ಕೆ ಕಾಲಂ ಇಲ್ಲ. ಹಿಂಡಿಗೆ ಬೇರೆ ವಿಧಾನವಿತ್ತಲ್ಲ ಎನ್ನುವವರಿದ್ದಾರೆ. ಅದು ತಗ್ಗಿಸಿದವನಿಗೆ ಬಹುಮಾನ ಕೊಡುತ್ತಿತ್ತು, ಇರುವ ಹಿಂಡನ್ನು ಯಾರ ಖಾತೆಗೂ ಬರೆಯುತ್ತಿರಲಿಲ್ಲ.

ಇನ್ನೊಂದು ಅನ್ಯಾಯ ಹೆಚ್ಚು ಸೂಕ್ಷ್ಮವಾದದ್ದು. ಕ್ರೆಡಿಟ್ಟನ್ನು ಹಿಂದಿನ 10 ಅಥವಾ 15 ವರ್ಷದ ಬೆಂಕಿಯ ದಾಖಲೆಗೆ ಹೋಲಿಸಿ ಅಳೆಯುತ್ತಾರೆ. ತಲೆಮಾರುಗಳಿಂದ ಸರಿಯಾದ ಹೊತ್ತಿಗೆ ಸುಟ್ಟವನ ದಾಖಲೆ ಚೊಕ್ಕವಾಗಿರುವುದರಿಂದ ಅವನಿಗೆ ಸಿಗುವುದು ಅಲ್ಪ. ವರ್ಷವರ್ಷವೂ ಕಾಳ್ಗಿಚ್ಚಿಗೆ ಬಿಟ್ಟು ಕೂತವನಿಗೆ ದೊಡ್ಡ ಗಂಟು. ಸಾಲ ಕಟ್ಟಿದವನನ್ನು ಮರೆತು ಬಾಕಿದಾರನಿಗೆ ಮನ್ನಾ ಕೊಡುವ ರಾಜಕೀಯ ನಮಗೂ ಗೊತ್ತಿರುವುದೇ.

ಗಾಂಬಾ ಹುಲ್ಲಿನ ಕತೆಯನ್ನೂ ಹೇಳಬೇಕು. ದನದ ಮೇವಿಗೆಂದೇ ಆಫ್ರಿಕಾದಿಂದ ತಂದು ಬಿತ್ತಿದ, ಆಳೆತ್ತರ ಮೀರಿ ಬೆಳೆಯುವ ಹುಲ್ಲು ಅದು. ಅದರ ಬೆಂಕಿ ಸ್ಥಳೀಯ ಹುಲ್ಲಿನ ಬೆಂಕಿಗಿಂತ ಹಲವು ಪಟ್ಟು ಉಗ್ರ, ಮರಗಳನ್ನೇ ಕೊಲ್ಲುತ್ತದೆ. 2018ರ ವಿಧಾನ ಗಾಂಬಾ ಹಬ್ಬಿದ ಜಾಗವನ್ನು ಯೋಜನೆಯಿಂದ ಹೊರಗಿಡುತ್ತದೆ. ಹೀಗೆ ದನದ ಉದ್ಯಮ ತಂದಿಟ್ಟ ಅತಿ ಕೆಟ್ಟ ಬೆಂಕಿ ಅದರ ಕ್ರೆಡಿಟ್ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ.

ಮುಂಚಿತವಾಗಿ ಸುಡುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ. ಆ ಕೆಲಸಕ್ಕೆ ಕೂಲಿ ಕೊಡಿ, ಧಾರಾಳವಾಗಿಯೇ ಕೊಡಿ. ಕಾಡು ಉಳಿಯುವುದೇ ಅದಕ್ಕೆ ಸಾಕಷ್ಟು ಕಾರಣ. ಅದನ್ನು ಟನ್ನಿನ ಲೆಕ್ಕದಲ್ಲಿ ಅಳೆದು, ನೆಲದಾಳದ ಅನಿಲ ಉರಿಸುವವರಿಗೆ ಮಾರುವುದು ಬೇರೆ ವಿಷಯ. ಆಸ್ಟ್ರೇಲಿಯಾದ ಮಾಂಸೋದ್ಯಮ 2030ಕ್ಕೆ ಕಾರ್ಬನ್ ನ್ಯೂಟ್ರಲ್ ಆಗುವ ಗುರಿಯನ್ನು 2017ರಲ್ಲಿ ಸಾರಿತ್ತು. ಹಾಗೆ ಸಾರಿದ ಉದ್ಯಮದ ಸ್ಟೇಷನ್ನು ಬೆಂಕಿಯ ಕ್ರೆಡಿಟ್ ಮಾರಾಟಕ್ಕಿಟ್ಟರೆ, ತನ್ನ ದನಗಳ ಸಂಖ್ಯೆಯನ್ನೂ ಪಕ್ಕದಲ್ಲೇ ಅಚ್ಚು ಹಾಕಬೇಕು. ಹಾಕದಿದ್ದರೆ ಯಾರೂ ಅದನ್ನು ಕೊಳ್ಳಬಾರದು.