ಆಸ್ಟಿಯೋಪಾತ್ ಕೈಗೆ ಮೈ ಕೊಡುವ ಮುನ್ನ

ಬೆನ್ನು ಒತ್ತಿದಾಗ ‘ಲಟಕ್’ ಎಂದರೆ ಸಾಕು, ಸರಿದಿದ್ದ ಮೂಳೆ ಜಾಗಕ್ಕೆ ಬಂದು ಕೂತಿತೆಂದು ಜನ ನಂಬಿಬಿಡುತ್ತಾರೆ. ಆದರೆ ಅದು ಮೂಳೆ ಸರಿದ ಸದ್ದಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ನೆಟಿಗೆ ತೆಗೆಯುವುದನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿದರು. ಕೀಲಿನ ದ್ರವದಲ್ಲಿ ತಟ್ಟನೆ ಟೊಳ್ಳೊಂದು ಮೂಡುವ ಹೊತ್ತಿಗೇ ಸದ್ದು ಕೇಳುತ್ತದೆಂದು ಗೊತ್ತಾಯಿತು. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ಎಳೆದು ಚಿಕಿತ್ಸೆ ಮಾಡುವ ಆಸ್ಟಿಯೋಪಥಿಯನ್ನು ಅಳೆಯಹೊರಟವರು ಈ ಸದ್ದನ್ನು ಮೊದಲು ಬದಿಗಿಡಬೇಕು.

ಈ ಪದ್ಧತಿ ಹುಟ್ಟಿದ್ದು ದುಃಖದಲ್ಲಿ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1864ರಲ್ಲಿ ಮೆನಿಂಜೈಟಿಸ್‌ಗೆ ಮೂರು ಮಕ್ಕಳನ್ನು ಕಳೆದುಕೊಂಡರು. ಆ ಕಾಲದ ಔಷಧಿಗಳ ಮೇಲೆ ಅವರಿಗಿದ್ದ ನಂಬಿಕೆಯೂ ಹೊರಟುಹೋಯಿತು. ಮೂಳೆ, ಸ್ನಾಯುಗಳ ಅಡೆತಡೆ ನೀಗಿಸಿ ರಕ್ತ ಸರಾಗವಾಗಿ ಹರಿಯುವಂತೆ ಮಾಡಿದರೆ ದೇಹ ತಾನೇ ಗುಣವಾಗುತ್ತದೆಂದು ಅವರು ವಾದಿಸಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ರೋಗಗಳಿಗೆಲ್ಲ ಈ ಅಡೆತಡೆಯೇ ಮೂಲವೆಂಬ ಅವರ ಸಿದ್ಧಾಂತ ಇಂದು ನಿಲ್ಲುವುದಿಲ್ಲ. ಕೈಯಿಂದ ಮುಟ್ಟಿ ಪರೀಕ್ಷಿಸುವ ಶ್ರದ್ಧೆ ಮಾತ್ರ ಉಳಿದುಬಂದಿದೆ, ಅದಕ್ಕೆ ಬೆಲೆಯೂ ಇದೆ.

ಎಷ್ಟು ಬೆಲೆ? ಫ್ರಾನ್ಸಿನಲ್ಲಿ ಸೊಂಟನೋವಿನ 400 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಟ್ಟಿತು. ಅರ್ಧ ಮಂದಿಗೆ ನಿಜವಾದ ಆಸ್ಟಿಯೋಪಥಿ, ಉಳಿದವರಿಗೆ ಬರೀ ಹಗುರ ಸ್ಪರ್ಶ. ಮೂರು ತಿಂಗಳಾದ ಮೇಲೆ ಮೊದಲ ಗುಂಪಿನವರ ದಿನನಿತ್ಯದ ಓಡಾಟ ತುಸು ಹೆಚ್ಚು ಸಲೀಸಾಗಿತ್ತು. ಆದರೆ ಆ ವ್ಯತ್ಯಾಸ ತೀರ ಸಣ್ಣದು, ರೋಗಿಯ ಅನುಭವಕ್ಕೆ ಬರುವಷ್ಟಿದೆಯೇ ಎಂಬುದೇ ಅನುಮಾನವೆಂದು ಸಂಶೋಧಕರು ಹೇಳಿದರು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯದೂ ಇದೇ ಧಾಟಿ: ಸೊಂಟನೋವಿಗೆ ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಹಿಡಿದು ಕಾಯಿಲೆ ವಾಸಿಮಾಡುತ್ತೇವೆನ್ನುವ ಕ್ರೇನಿಯಲ್ ಆಸ್ಟಿಯೋಪಥಿಗಂತೂ ಗಟ್ಟಿ ಪುರಾವೆಯೇ ಇಲ್ಲ.

ಹಾಗಾದರೆ ಪೆಟ್ಟು ತಿಂದವರು ಆಸ್ಟಿಯೋಪಾತ್ ಬಳಿ ಹೋಗಲೇಬಾರದೇ? ಹೋಗಬಹುದು, ಆದರೆ ಎಂಥವರ ಬಳಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಾಲು ಉಳುಕಿಸಿಕೊಂಡು ಕುಂಟುತ್ತ ಬಂದವರನ್ನು ಬಲ್ಲವರು ನೇರವಾಗಿ ಮೇಜಿನ ಮೇಲೆ ಮಲಗಿಸುವುದಿಲ್ಲ. ಹೇಗೆ ಬಿದ್ದಿರಿ, ಬಿದ್ದ ಕೂಡಲೇ ಕಾಲೂರಲು ಆಯಿತೇ ಎಂದು ಕೇಳುತ್ತಾರೆ. ಹರಡಿನ ಎರಡೂ ಗುಬುಟುಗಳ ಹಿಂಬದಿಯ ಅಂಚನ್ನು ತುದಿಯಿಂದ ಮೇಲಕ್ಕೆ ಆರು ಸೆಂಟಿಮೀಟರ್‌ವರೆಗೆ ಬೆರಳಿನಿಂದ ಒತ್ತಿ ನೋಡುತ್ತಾರೆ. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ಸಾಲಿನ ಮೂಳೆಯ ಬುಡವನ್ನೂ, ಒಳಬದಿಯಲ್ಲಿ ಪಾದದ ನಡುಭಾಗದ ಮೂಳೆಯನ್ನೂ ಮುಟ್ಟುತ್ತಾರೆ. ನಾಲ್ಕು ಹೆಜ್ಜೆ ಹಾಕಿಸುತ್ತಾರೆ. ಅಲ್ಲಿ ಮೂಳೆ ನೊಂದರೆ, ಇಲ್ಲವೇ ಬಿದ್ದ ಕೂಡಲೂ ಈಗಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮುಂದಿನ ಕೆಲಸ ಎಕ್ಸ್‌ರೇಯದು. ಒಟ್ಟಾವಾ ನಿಯಮಗಳೆಂದು ಹೆಸರಾದ ಈ ಪರೀಕ್ಷೆಗೆ ಐದು ನಿಮಿಷವೂ ಹಿಡಿಯದು. ಇಷ್ಟನ್ನೂ ಮಾಡದೆ ಕಾಲು ಎಳೆಯತೊಡಗುವವರ ಕೈಚಳಕ ಎಷ್ಟೇ ಇರಲಿ, ಅವರನ್ನು ನಂಬುವಂತಿಲ್ಲ.

ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮುಗಟ್ಟಿದರೆ ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಕತ್ತನ್ನು ರಭಸವಾಗಿ ತಿರುಗಿಸುವ ಪಟ್ಟುಗಳಿಂದ ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದುಂಟು. ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಕೇಳದವರಿಗೆ ಕತ್ತು ಕೊಡಲೇಬಾರದು.

ಒಳ್ಳೆಯ ಆಸ್ಟಿಯೋಪಾತ್‌ಗೆ ಇನ್ನೊಂದು ಗುರುತಿದೆ: ಅವರು ರೋಗಿಯನ್ನು ತಮಗೆ ಅಂಟಿಸಿಕೊಳ್ಳುವುದಿಲ್ಲ. ಕೈಚಿಕಿತ್ಸೆ ನೋವನ್ನು ಕೆಲಕಾಲ ತಗ್ಗಿಸಬಹುದು. ಉಳುಕಿದ ಕಾಲಿಗೆ ಬಲ ತುಂಬುವುದು ಒಂಟಿಕಾಲಲ್ಲಿ ನಿಲ್ಲುವ, ಹಿಮ್ಮಡಿ ಎತ್ತಿಳಿಸುವ ದಿನದಿನದ ಅಭ್ಯಾಸ. ಅದನ್ನು ಕಲಿಸಿ, ಇಷ್ಟು ವಾರದಲ್ಲಿ ಇಷ್ಟು ಸುಧಾರಿಸದಿದ್ದರೆ ಬೇರೆ ವೈದ್ಯರನ್ನು ಕಾಣಿ ಎನ್ನುವವರು ಪ್ರಾಮಾಣಿಕರು. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜನ್ನು ಮೊದಲ ದಿನವೇ ಮಾರುವವರು ಅಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಆಯ್ಕೆ ಸುಲಭ. ಅಲ್ಲಿ 1993ರ ಕಾಯ್ದೆಯಿಂದಾಗಿ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್ ಇದೆ. ಅದರಲ್ಲಿ ನೋಂದಾಯಿಸದೆ ಆಸ್ಟಿಯೋಪಾತ್ ಎಂದು ಹೇಳಿಕೊಳ್ಳುವುದೇ ಅಪರಾಧ. ಅಮೆರಿಕದಲ್ಲಿ ಆಸ್ಟಿಯೋಪಥಿಯ ಡಿ.ಓ. ಪದವಿ ಪಡೆದವರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಅಲ್ಲಿನ ನೆಂಟರು ಹೊಗಳಿದ ಆಸ್ಟಿಯೋಪಾತ್ ಬೇರೆ, ಬೆಂಗಳೂರಿನ ಬೋರ್ಡಿನ ಮೇಲಿನ ಆಸ್ಟಿಯೋಪಾತ್ ಬೇರೆ. ಬ್ರಿಟನ್ನಿನಂಥ ಪ್ರತ್ಯೇಕ ಶಾಸನಬದ್ಧ ಕೌನ್ಸಿಲ್ ನಮ್ಮಲ್ಲಿಲ್ಲ. ಪೂರ್ಣ ಪದವಿ ಓದಿದವರೂ ಕಿರು ಕೋರ್ಸ್ ಮುಗಿಸಿದವರೂ ಒಂದೇ ಹೆಸರಿನಲ್ಲಿ ಬಾಗಿಲು ತೆರೆಯಬಹುದು. ಹಾಗಾಗಿ ಇಲ್ಲಿ ಪೆಟ್ಟಾದವರು ಮೊದಲು ಮೂಳೆ ತಜ್ಞರಿಂದ ತಪಾಸಣೆ ಮಾಡಿಸಿಕೊಳ್ಳಲಿ. ಆಮೇಲೂ ಆಸ್ಟಿಯೋಪಾತ್ ಬೇಕೆನಿಸಿದರೆ, ಫಿಸಿಯೋಥೆರಪಿಯಂಥ ಮೂಲ ಪದವಿ ಉಳ್ಳವರನ್ನೇ ಹುಡುಕಲಿ. ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ಸಂಕೋಚವಿಲ್ಲದೆ ಕೇಳಲಿ.