ಕಸಿ ಬಲ್ಲ ಕೈ

ಅಮೆರಿಕದಿಂದ ಚೀನಾಕ್ಕೆ ಹೋದ ಪಾದ್ರಿ ಜಾನ್ ನೆವಿಯಸ್ ಅವರನ್ನು ಯಾಂಟಾಯ್ ಊರು ಇಂದಿಗೂ ನೆನೆಯುವುದು ಸೇಬಿಗಾಗಿ. ತಮ್ಮ ನಾಡಿನ ತಳಿ ತರಿಸಿ 1870ರ ದಶಕದಲ್ಲಿ ಅಲ್ಲಿ ತೋಟ ಮಾಡಿದರು.

ಕಸಿ ಕಟ್ಟುವವರಿಗೆ ಗೊತ್ತು: ಕಡ್ಡಿ ಎಲ್ಲಿಂದ ಬಂದರೂ ಬೇರು ಆ ಮಣ್ಣಿಗೆ ಒಗ್ಗಿದ್ದಾಗಿರಬೇಕು. ಗಾಯಕ್ಕೆ ಪಟ್ಟಿ ಬಿಗಿಯಾಗಿ ಸುತ್ತಬೇಕು. ಬೆಸುಗೆ ಕೂಡಿದ ಮೇಲೆ ಬಿಚ್ಚದೆ ಬಿಟ್ಟರೆ ಅದೇ ಪಟ್ಟಿ ಗಿಡದ ಕತ್ತು ಹಿಸುಕುತ್ತದೆ.

ಕ್ರೈಸ್ತ ಸಭೆಗಳ ವಿಷಯದಲ್ಲೂ ನೆವಿಯಸ್ ಅವರದು ಇದೇ ಹದ. ಹೊಸದಾಗಿ ನಂಬಿದವರನ್ನು ವಿದೇಶಿ ಸಂಬಳದ ಬೋಧಕರನ್ನಾಗಿ ಮಾಡಬೇಡಿ. ರೈತ ರೈತನಾಗಿಯೇ ಇದ್ದು ನೆರೆಯವರಿಗೆ ಹೇಳಲಿ. ಗುಡಿಯನ್ನು ಊರವರೇ ತಮ್ಮ ಶಕ್ತಿಗೆ ತಕ್ಕಂತೆ ಕಟ್ಟಲಿ. 1890ರಲ್ಲಿ ಕೊರಿಯಾದ ಸೋಲ್‌ಗೆ ಹೋಗಿ ಎರಡೇ ವಾರ ಇದ್ದು, ಅಲ್ಲಿದ್ದ ಯುವ ಮಿಷನರಿಗಳಿಗೆ ಇದನ್ನೇ ಹೇಳಿದರು. ಆ ಯುವಕರು ಅದನ್ನು ಪಾಲಿಸಿದರು. ಕಣ್ಣೆದುರು ಬಡತನ, ಕೈಯಲ್ಲಿ ಹಣ. ಆದರೂ ಕೊಡದೆ ಪಕ್ಕದಲ್ಲಿ ನಿಲ್ಲುವುದು ಎಷ್ಟು ಕಷ್ಟವಿದ್ದೀತು! ಅವರ ಕೆಲಸದಲ್ಲಿ ನಾನು ಬಹಳ ಮೆಚ್ಚುವುದು ಈ ಸಂಯಮವನ್ನೇ.

1895ರಲ್ಲಿ ಸೋರೆ ಎಂಬ ಹಳ್ಳಿಯ ಕೊರಿಯನ್ನರು ತಮ್ಮದೇ ದುಡ್ಡು, ತಮ್ಮದೇ ದುಡಿಮೆಯಿಂದ ಒಂದು ಚರ್ಚು ಎಬ್ಬಿಸಿದರು. ಮಿಷನರಿ ಅಂಡರ್‌ವುಡ್ ಅದರ ಪ್ರತಿಷ್ಠೆಗೆ ಅತಿಥಿಯಾಗಿ ಬಂದರು.