ಮರುಬಳಕೆ: ಒಂದೇ ಪದ, ಎರಡು ಕೆಲಸ

ಪರಿಸರ ಉಳಿಸೋಕೆ ಮನೆಯಲ್ಲೇ ಏನು ಮಾಡಬಹುದು ಅಂತ ಹೇಳುವ ಕನ್ನಡ ಲೇಖನಗಳನ್ನು ನೋಡಿ. ಬಟ್ಟೆ ಚೀಲ ಒಯ್ಯಿರಿ, ನೀರಿನ ಬಾಟಲಿ ಜೊತೆಗಿಟ್ಟುಕೊಳ್ಳಿ, ಪ್ಲಾಸ್ಟಿಕ್ ಮರುಬಳಕೆ ಮಾಡಿ. ನನ್ನ ತಕರಾರು ಈ ಮೂರನೆಯ ಸಲಹೆಯ ಬಗ್ಗೆ. ಸಲಹೆ ತಪ್ಪು ಅಂತಲ್ಲ, ಅದು ಯಾವ ಕೆಲಸ ಮಾಡು ಅಂತಿದೆ ಅನ್ನೋದೇ ಗೊತ್ತಾಗೋದಿಲ್ಲ. ಐಸ್‌ಕ್ರೀಮ್ ಡಬ್ಬಿ ತೊಳೆದು ಅದರಲ್ಲಿ ಹುಣಸೆಹಣ್ಣು ತುಂಬಿಡೋದು ಮರುಬಳಕೆ. ಅದೇ ಡಬ್ಬಿಯನ್ನು ಕಾರ್ಖಾನೆಗೆ ಕಳಿಸಿ, ಪುಡಿ ಮಾಡಿ, ಕರಗಿಸಿ ಬೇರೆ ವಸ್ತು ಮಾಡೋದೂ ನಮ್ಮ ಪತ್ರಿಕೆಗಳಲ್ಲಿ ಮರುಬಳಕೆಯೇ. ಎರಡನೆಯದಕ್ಕೆ ‘ಮರುಸಂಸ್ಕರಣೆ’ ಅನ್ನೋ ಪದ ಇದೆ, ಆದರೆ ಬಳಸುವವರು ಕಡಿಮೆ.

ಮಲೇಷ್ಯಾದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಬಹುದು. ಮಲಯ್ ಭಾಷೆಯಲ್ಲಿ ಮೂರು ಕೆಲಸಕ್ಕೆ ಮೂರು ಮಾತು: ಕುರಾಂಗ್‌ಕಾನ್, ಗುನಾ ಸೆಮುಲಾ, ಕಿತಾರ್ ಸೆಮುಲಾ. ಕಡಿಮೆ ಮಾಡು, ಮತ್ತೆ ಬಳಸು, ಮರುಸಂಸ್ಕರಿಸು. ‘ಗುನಾ’ ಸಂಸ್ಕೃತದ ಗುಣದಿಂದ, ‘ಸೆಮುಲಾ’ದೊಳಗಿನ ‘ಮುಲಾ’ ಮೂಲದಿಂದ ಬಂದದ್ದು. ನಮಗೂ ಪರಿಚಯ ಇರುವ ಪದಗಳನ್ನೇ ತಗೊಂಡು ಅವರು ವ್ಯತ್ಯಾಸ ಉಳಿಸಿಕೊಂಡಿದ್ದಾರೆ, ನಾವು ಕಳೆದುಕೊಂಡಿದ್ದೇವೆ.

ಒಂದು ಪದಕ್ಕೆ ಇಷ್ಟು ಜಗಳ ಯಾಕೆ ಅಂತ ಕೇಳಬಹುದು. ಉತ್ತರ ಸೆಲಾಂಗೂರಿನ ಜೆಂಜಾರೋಮ್‌ನಲ್ಲಿದೆ. 2018ರ ಜನವರಿಯಲ್ಲಿ ಚೀನಾ ವಿದೇಶದ ಪ್ಲಾಸ್ಟಿಕ್ ಕಸ ತಗೊಳ್ಳೋದನ್ನು ನಿಲ್ಲಿಸಿತು. ಶ್ರೀಮಂತ ದೇಶಗಳ ಜನ ಶ್ರದ್ಧೆಯಿಂದ ಬೇರ್ಪಡಿಸಿ ಡಬ್ಬಕ್ಕೆ ಹಾಕಿದ ಕಸ ಆಗ ಹಡಗು ಹತ್ತಿ ಮಲೇಷ್ಯಾದ ಕಡೆ ತಿರುಗಿತು. ಜೆಂಜಾರೋಮ್ ಸುತ್ತ ಅಕ್ರಮ ಘಟಕಗಳು ಎದ್ದವು. ಉಪಯೋಗಕ್ಕೆ ಬಾರದ್ದನ್ನು ಸುಟ್ಟರು, ಊರಿನವರು ಆ ಹೊಗೆ ಕುಡಿದರು, ಅವರು ದೂರು ಕೊಟ್ಟ ಮೇಲೆ ಸರ್ಕಾರ ಘಟಕಗಳಿಗೆ ಬೀಗ ಹಾಕಿತು. 2020ರ ಜನವರಿಯ ಹೊತ್ತಿಗೆ 150 ಕಂಟೇನರ್ ಕಸವನ್ನು 13 ದೇಶಗಳಿಗೆ ವಾಪಸ್ ಕಳಿಸಿದ್ದಾಗಿ ಆಗಿನ ಸಚಿವೆ ಯೋ ಬೀ ಯಿನ್ ಹೇಳಿದರು. ಆ ಕಸ ಹಾಕಿದವರೆಲ್ಲ ತಾವು ಒಳ್ಳೆ ಕೆಲಸ ಮಾಡಿದ್ದೇವೆ ಅಂದುಕೊಂಡೇ ಮಲಗಿದ್ದರು.

ಇಲ್ಲಿನ ನಮ್ಮ ಮನೆಗಳಲ್ಲೂ ಆ ನೆಮ್ಮದಿ ಸುಲಭವಾಗಿ ಸಿಗುತ್ತೆ. 2015ರ ಸೆಪ್ಟೆಂಬರ್‌ನಿಂದ ಕ್ವಾಲಾಲಂಪುರ್, ಜೊಹೊರ್ ಮುಂತಾದ ಕಡೆ ಕಸ ಬೇರ್ಪಡಿಸೋದು ಕಡ್ಡಾಯ. ಕಾಗದಕ್ಕೆ ನೀಲಿ ಡಬ್ಬ, ಗಾಜಿಗೆ ಕಂದು, ಪ್ಲಾಸ್ಟಿಕ್ಕಿಗೂ ಅಲ್ಯೂಮಿನಿಯಂಗೂ ಕಿತ್ತಳೆ. ಇದು ಬೇಡ ಅಂತ ನಾನು ಹೇಳ್ತಿಲ್ಲ, ಅಲ್ಯೂಮಿನಿಯಂ ಕ್ಯಾನ್ ಮತ್ತೆ ಕ್ಯಾನ್ ಆಗಬಲ್ಲದು. ಆದರೆ ಎಣ್ಣೆ ಅಂಟಿದ ತಪಾವ್ ಡಬ್ಬಿಯ, ತೆ ತಾರಿಕ್ ಕಟ್ಟಿಕೊಟ್ಟ ಚೀಲದ ಕಥೆ ಬೇರೆ. ಅವನ್ನು ಕಿತ್ತಳೆ ಡಬ್ಬಕ್ಕೆ ಹಾಕಿ ‘ಮರುಬಳಕೆ ಮಾಡಿದೆ’ ಅಂದರೆ ನಾವು ಏನನ್ನೂ ಮತ್ತೆ ಬಳಸಿಲ್ಲ. ಬಿಸಾಡಿದ್ದೇವೆ, ಅಷ್ಟೇ.

ನಿಜವಾದ ಮರುಬಳಕೆ ಅಂದರೆ ಅಂಗಡಿಗೆ ಮಾಂಕುಕ್ ತಿಂಕಾತ್ ಒಯ್ಯೋದು, ಅಂದರೆ ನಮ್ಮ ಊಟದ ಕ್ಯಾರಿಯರ್. ಇಲ್ಲಿಗೆ ಬಂದ ತಕ್ಷಣ ನಮ್ಮ ಲೇಖಕರು ಅಜ್ಜಿಯನ್ನು ಕರೀತಾರೆ: ‘ನಮ್ಮ ಅಜ್ಜಿ ಏನನ್ನೂ ಬಿಸಾಡ್ತಿರಲಿಲ್ಲ, ಅವರೇ ನಿಜವಾದ ಪರಿಸರವಾದಿ.’ ಈ ಹೊಗಳಿಕೆಯನ್ನೂ ಸ್ವಲ್ಪ ಪರೀಕ್ಷೆ ಮಾಡಬೇಕು. ಅಜ್ಜಿ ಪಾತ್ರೆ ತಿಕ್ಕುತ್ತಿದ್ದರು, ಹಳೇ ಸೀರೆ ಹೊಲಿದು ಕೌದಿ ಮಾಡುತ್ತಿದ್ದರು. ಅಜ್ಜ ಪಾತ್ರೆ ತಿಕ್ಕಿದ ಕಥೆ ಯಾರೂ ಬರೆಯೋದಿಲ್ಲ. ಮತ್ತೆ ಬಳಸುವುದಕ್ಕೆ ದುಡಿಮೆ ಬೇಕು, ಅದನ್ನು ಯಾರೋ ಒಬ್ಬರು ಮಾಡಲೇಬೇಕು. ಕಚೇರಿಯಿಂದ ಇಬ್ಬರೂ ಏಳು ಗಂಟೆಗೆ ಮನೆಗೆ ಬರುವ ಸಂಸಾರಕ್ಕೆ ‘ಅಜ್ಜಿಯ ಹಾಗೆ ಬದುಕಿ’ ಅಂದರೆ, ಆ ಕೆಲಸವನ್ನು ಮತ್ತೆ ಹೆಂಗಸಿನ ತಲೆಗೇ ಕಟ್ಟಿದ ಹಾಗೆ. ಡಬ್ಬಿ ತೊಳೆಯೋದು ಯಾರು ಅಂತ ಹೇಳದ ಸಲಹೆ ಅರ್ಧ ಸಲಹೆ.

ಒಬ್ಬೊಬ್ಬರ ಮನೆಗಿಂತ ಹತ್ತು ಮನೆ ಸೇರಿದಲ್ಲಿ ಇದು ಸುಲಭ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತೆ. ಬೆಲೆಯೂ ಕೆಲಸ ಮಾಡುತ್ತೆ: ಪೆನಾಂಗ್ 2011ರಿಂದ, ಸೆಲಾಂಗೂರ್ 2017ರಿಂದ ಪ್ಲಾಸ್ಟಿಕ್ ಚೀಲಕ್ಕೆ 20 ಸೆನ್ ವಸೂಲಿ ಶುರು ಮಾಡಿದವು. ಚೀಲ ಬೇಕೋ ಬೇಡವೋ ಅಂತ ಗಲ್ಲಾದಲ್ಲಿ ನಿಂತು ಯೋಚಿಸೋ ಹಾಗಾಯಿತು. ಇಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ನೂರು ಜನ ಸೇರಿದಾಗ ಬಿಸಾಡೋ ತಟ್ಟೆ ಯಾಕೆ? ಐವತ್ತು ಮನೆಗಳಿಂದ ಎರಡೆರಡು ಸ್ಟೀಲ್ ತಟ್ಟೆ ಬಂದರೆ ಸಾಕು. ತೊಳೆಯುವವರ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ.

ಕನ್ನಡ ಕಲಿಯುತ್ತಿರುವವರಿಗೆ ಒಂದು ಮಾತು. ಮುಂದಿನ ಸಲ ‘ಮರುಬಳಕೆ’ ಅಂತ ಕಂಡಾಗ, ಇಲ್ಲಿ ಯಾರು ಏನನ್ನು ಮತ್ತೆ ಬಳಸ್ತಿದ್ದಾರೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಅದು ಮರುಬಳಕೆ ಅಲ್ಲ, ಕಸ ಸಾಗಣೆ.